ಸೌಂಡ್ ಇಲ್ಲದೆ ನೋಡಿದ ಸ್ಕಿಟ್: ಒಂದು ಕಾಮಿಡಿ ಶೋ ಮೇಲಿನ ದೂರಿನ ಪ್ರಕರಣ

ಇದು ಬೆಂಗಳೂರಿನಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಪ್ರಕರಣ. ಒಂದು ಕಡೆ ಕನ್ನಡದ ಒಂದು ಮನರಂಜನಾ ವಾಹಿನಿ. ಇನ್ನೊಂದು ಕಡೆ ಲೈಂಗಿಕ ಅಲ್ಪಸಂಖ್ಯಾತರ (ಸಲಿಂಗಿಗಳು, ಟ್ರಾನ್ಸ್ ಜನ ಇತ್ಯಾದಿ) ಪರವಾಗಿ ಕೆಲಸ ಮಾಡುವ ಒಂದು ಸಣ್ಣ ಗುಂಪು. ವಾಹಿನಿ, ಕಾರ್ಯಕ್ರಮ, ಕಲಾವಿದರು, ಗುಂಪು, ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ. ಗುರುತು ಸಿಗದಿರಲಿ ಅಂತ ಸ್ಕಿಟ್‌ನ ಕತೆಯನ್ನೂ ಅಲ್ಲಲ್ಲಿ ಬದಲಿಸಿದ್ದೇನೆ. ನಾನು ಗುಂಪಿನ ಸದಸ್ಯನಲ್ಲ. ಅವರ ಕನ್ನಡ ಪತ್ರಗಳ ಕರಡು ತಿದ್ದೋಕೆ ಕರೆದಿದ್ದರು, ಹಾಗಾಗಿ ಸಭೆಗಳಲ್ಲಿ ಒಂದು ಮೂಲೆಯಲ್ಲಿ ಕೂತಿದ್ದೆ. ಇಂಥ ದೂರು ಕೊಡಬೇಕು ಅಂದುಕೊಂಡವರಿಗೂ, ದೂರು ಬಂದಾಗ ಕೈಕಾಲು ಆಡದೆ ಕೂರುವ ಸ್ಕಿಟ್ ಬರಹಗಾರರಿಗೂ ಇದರಿಂದ ಏನಾದರೂ ಸಿಗಬಹುದು.

ಹಿನ್ನೆಲೆ

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟಿತು. ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂತ ಆಯಿತು. ಬೆಂಗಳೂರಿನಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಪ್ರೈಡ್ ಮೆರವಣಿಗೆ 2008ರಿಂದಲೂ ನಡೆಯುತ್ತಿದೆ. ಪತ್ರಿಕೆಗಳಲ್ಲಿ, ಕಾಲೇಜಿನ ಸೆಮಿನಾರುಗಳಲ್ಲಿ ಈ ವಿಷಯ ಮಾತಾಡುವ ಧಾಟಿ ಬದಲಾಯಿತು. ವಾರಾಂತ್ಯದ ಕಾಮಿಡಿ ಶೋಗಳಲ್ಲಿ ಮಾತ್ರ ಅಷ್ಟೇನೂ ಬದಲಾಗಲಿಲ್ಲ.

ಅದಕ್ಕೆ ಕಾರಣ ಬರೀ ದ್ವೇಷ ಅಂತ ನನಗೆ ಅನಿಸುವುದಿಲ್ಲ. ಈ ಶೋಗಳಿಗೆ ಪ್ರತಿ ವಾರ ಹೊಸ ಸ್ಕಿಟ್ ಬೇಕು. ಬರೆಯುವವರಿಗೆ ಸಿಗುವ ಸಮಯ ತೀರಾ ಕಮ್ಮಿ. ಹಾಗಾಗಿ ಸಿದ್ಧ ಪಾತ್ರಗಳ ಮೇಲೆ ಬಂಡಿ ಓಡುತ್ತದೆ. ಕುಡುಕ, ಜುಗ್ಗ ಮಾವ, ಬಾಯಿಬಡುಕಿ ಹೆಂಡತಿ, ಜೊತೆಗೊಬ್ಬ ‘ಒಂಥರಾ’ ಹುಡುಗ. ಇವರು ವೇದಿಕೆಗೆ ಕಾಲಿಟ್ಟರೆ ಸಾಕು, ಪರಿಚಯ ಮಾಡಿಸಬೇಕಿಲ್ಲ. ನಗಬೇಕು ಅಂತ ಜನಕ್ಕೆ ಗೊತ್ತಿರುತ್ತದೆ.

ಸ್ಕಿಟ್ ಮತ್ತು ಊಟದ ತಟ್ಟೆ

ಸ್ಕಿಟ್ ಇಷ್ಟು. ಹೆಣ್ಣು ನೋಡುವ ಶಾಸ್ತ್ರ. ಗಂಡಿನ ಜೊತೆ ಬಂದ ಗೆಳೆಯ ಸೊಂಟ ಬಳುಕಿಸುತ್ತಾ, ಕರ್ಚೀಫಿನಿಂದ ಕತ್ತು ಒತ್ತಿಕೊಳ್ಳುತ್ತಾ ಒಳಗೆ ಬರುತ್ತಾನೆ. ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಕೊಡಲು ಬಂದ ಹೆಣ್ಣಿನ ಅಣ್ಣನ ಕೈ ಹಿಡಿದುಕೊಂಡವನು ಬಿಡುವುದೇ ಇಲ್ಲ. ಅಣ್ಣ ಬೆಚ್ಚಿಬಿದ್ದು, ಸ್ಟೀಲ್ ತಟ್ಟೆಯನ್ನು ಹಿಂಭಾಗಕ್ಕೆ ಅಡ್ಡ ಹಿಡಿದುಕೊಂಡು, ಗೋಡೆಗೆ ಬೆನ್ನು ಹಚ್ಚಿ ಜಾರುತ್ತಾ ಓಡುತ್ತಾನೆ. ಕೊನೆಗೆ ಹೆಣ್ಣಿನ ಅಪ್ಪ ಪೊರಕೆ ತಂದು ಗೆಳೆಯನಿಗೆ ಬಾರಿಸುತ್ತಾನೆ. ಮುಗಿಯಿತು.

ಎಪಿಸೋಡ್ ಬಂದಿದ್ದು ವಾರಾಂತ್ಯದಲ್ಲಿ. ಆದರೆ ಪ್ರೋಮೊ ವಾರವಿಡೀ ಧಾರಾವಾಹಿಗಳ ನಡುವೆ ಓಡಿತು. ಪ್ರೋಮೊದಲ್ಲಿ ಇದ್ದದ್ದು ಮೂರೇ ತುಣುಕು: ಕೈ ಹಿಡಿಯುವುದು, ತಟ್ಟೆ, ಪೊರಕೆ. ಸಂಜೆ ಏಳರಿಂದ ಹತ್ತರವರೆಗೆ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರೂ ಟೀವಿ ಮುಂದೆ ಕೂರುವ ಹೊತ್ತು ಅದು.

ಇಂಥ ಸ್ಕಿಟ್ ಇದೇ ಮೊದಲಲ್ಲ. ಹಾಗಾದರೆ ಗುಂಪು ಇದನ್ನೇ ಯಾಕೆ ಹಿಡಿದುಕೊಂಡಿತು? ಅವರಲ್ಲೊಬ್ಬರು ಹೈಸ್ಕೂಲ್ ಮೇಷ್ಟ್ರು. ಶಾಲೆಯಲ್ಲಿ ಮೆಲುದನಿಯ, ಸ್ವಲ್ಪ ನಾಜೂಕಿನ ಒಬ್ಬ ಹುಡುಗ ಇದ್ದ. ಪ್ರೋಮೊ ಬಂದ ವಾರ ಮಧ್ಯಾಹ್ನದ ಬಿಸಿಯೂಟದ ಸಾಲಿಗೆ ಅವನು ಬಂದು ನಿಂತ ಕೂಡಲೇ ಮುಂದಿದ್ದ ಹುಡುಗರು ತಟ್ಟೆಯನ್ನು ಹಿಂದಕ್ಕೆ ಅಡ್ಡ ಹಿಡಿದರು. ಇಡೀ ಸಾಲು ನಕ್ಕಿತು. ಮಾರನೇ ದಿನವೂ ಅದೇ. ಆಮೇಲೆ ಆ ಹುಡುಗ ಊಟಕ್ಕೆ ಬರುವುದನ್ನೇ ಬಿಟ್ಟ. ಮೇಷ್ಟ್ರು ಇದನ್ನು ಹೇಳಿದಾಗ ಸಭೆಯಲ್ಲಿ ಯಾರೂ ‘ಸುಮ್ನೆ ಬಿಡಿ, ಕಾಮಿಡಿ ತಾನೇ’ ಅನ್ನಲಿಲ್ಲ.

ಮೊದಲ ಪತ್ರ

ಮೊದಲ ಪತ್ರ ಇಂಗ್ಲಿಷಿನಲ್ಲಿತ್ತು. ಬರೆದವರು ಕಾನೂನು ಓದಿದ ಇಬ್ಬರು ಸದಸ್ಯರು. ನಾನು ಆಮೇಲೆ ಓದಿದೆ, ಒಳ್ಳೆಯ ಪತ್ರವೇ. ಸಂವಿಧಾನದ ಕಲಂಗಳು, ಟ್ರಾನ್ಸ್ ಜನರ ಹಕ್ಕುಗಳ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 2014ರ ತೀರ್ಪು, 377ರ ಬಗೆಗಿನ 2018ರ ತೀರ್ಪು, ಘನತೆಯಿಂದ ಬದುಕುವ ಹಕ್ಕು, ಎಲ್ಲ ಇತ್ತು. ಬೇಡಿಕೆ ಮಾತ್ರ ದೊಡ್ಡದು. ಗಂಡಸರು ಹೆಣ್ಣಿನ ಹಾವಭಾವ ತೋರಿಸುವ, ಹೆಣ್ಣುವೇಷ ಹಾಕುವ ಎಲ್ಲ ಸ್ಕಿಟ್‌ಗಳನ್ನೂ ನಿಲ್ಲಿಸಬೇಕು, ವಾಹಿನಿ ಬೇಷರತ್ ಕ್ಷಮೆ ಕೇಳಬೇಕು ಅಂತ.

2021ರ ಜೂನ್‌ನಲ್ಲಿ ಕೇಬಲ್ ಟೀವಿ ನಿಯಮಗಳಿಗೆ ತಿದ್ದುಪಡಿ ಬಂತು. ಅದರ ಪ್ರಕಾರ ದೂರಿಗೆ ಮೂರು ಮೆಟ್ಟಿಲು. ಮೊದಲು ವಾಹಿನಿಗೇ ದೂರು ಕೊಡಬೇಕು. ಅದು 24 ಗಂಟೆಯೊಳಗೆ ಸ್ವೀಕೃತಿ ಕೊಟ್ಟು, 15 ದಿನದಲ್ಲಿ ಇತ್ಯರ್ಥ ಮಾಡಬೇಕು. ಒಪ್ಪಿಗೆ ಆಗದಿದ್ದರೆ ವಾಹಿನಿಗಳೇ ಸೇರಿ ಮಾಡಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅದಕ್ಕೂ ಮೇಲೆ ಕೇಂದ್ರ ಸರ್ಕಾರ. ವಾಹಿನಿ ನಿಯಮ ಪಾಲಿಸಿತು. ಗಡುವಿನೊಳಗೇ ಉತ್ತರ ಬಂತು: ಕಾರ್ಯಕ್ರಮ ಕೇವಲ ಮನರಂಜನೆಗಾಗಿ, ಯಾರನ್ನೂ ನೋಯಿಸುವ ಉದ್ದೇಶ ಇಲ್ಲ, ಆರಂಭದಲ್ಲೇ ಹಾಗಂತ ಸೂಚನೆ ಹಾಕಿದ್ದೇವೆ.

ಈ ಉತ್ತರ ಬಂದಿದ್ದು ಮುಂಬೈಯಿಂದ. ವಾಹಿನಿಯ ಮೂಲ ಸಂಸ್ಥೆ ಅಲ್ಲಿದೆ, ದೂರು ನೋಡುವ ವಿಭಾಗವೂ ಅಲ್ಲೇ. ಬೆಂಗಳೂರಿನಲ್ಲಿ ಸ್ಕಿಟ್ ಬರೆದವರಿಗಾಗಲಿ, ನಟಿಸಿದವರಿಗಾಗಲಿ, ಎಡಿಟ್ ಮಾಡಿದವರಿಗಾಗಲಿ ಹೀಗೊಂದು ಪತ್ರ ಬಂದಿದೆ ಅಂತಲೇ ಗೊತ್ತಿರಲಿಲ್ಲ. ಇದು ನಮಗೆ ತಿಳಿದಿದ್ದು ಬಹಳ ತಡವಾಗಿ.

ಗದ್ದಲದ ಕೆಲವು ವಾರಗಳು

ಉತ್ತರ ನೋಡಿ ಸಿಟ್ಟು ಬಂತು. ಕಿರಿಯ ಸದಸ್ಯರು ವಿಷಯವನ್ನು ಸೋಷಿಯಲ್ ಮೀಡಿಯಾಕ್ಕೆ ಒಯ್ದರು. ಒಂದು ಸುದ್ದಿ ವಾಹಿನಿ ಚರ್ಚೆ ಇಟ್ಟಿತು. ಮಾತಾಡೋಕೆ ಹೋದವನು ಒಬ್ಬ ಕಾಲೇಜು ಹುಡುಗ. ಚುರುಕು, ಧೈರ್ಯ ಜಾಸ್ತಿ. ಮನೆಯಲ್ಲಿ ಹೇಳಿರಲಿಲ್ಲ. ಅವತ್ತು ರಾತ್ರಿ ಅವನ ಊರಿನಲ್ಲಿ ಚಿಕ್ಕಪ್ಪ ಟೀವಿ ಹಾಕಿದ್ದರು. ಆಮೇಲೆ ಆದದ್ದನ್ನು ವಿವರಿಸುವುದಿಲ್ಲ. ಫೀಸು ನಿಂತಿತು, ಕೆಲವು ತಿಂಗಳು ಅವನು ಗುಂಪಿನವರ ಮನೆಗಳಲ್ಲಿ ಉಳಿದುಕೊಂಡ. ಯಾರು ಕ್ಯಾಮೆರಾ ಮುಂದೆ ಹೋಗಬೇಕು ಅನ್ನುವ ತೀರ್ಮಾನವನ್ನು ಅವತ್ತು ಯಾರೂ ತೆಗೆದುಕೊಂಡಿರಲಿಲ್ಲ. ಯಾರು ಬಿಡುವಾಗಿದ್ದರೋ ಅವರು ಹೋದರು. ಮುಂದೆ ಗುಂಪು ಒಂದು ಪದ್ಧತಿ ಮಾಡಿಕೊಂಡಿತು. ಮನೆಯವರಿಗೆ ಗೊತ್ತಿರುವವರು, ಅಥವಾ ಬೆಂಬಲಿಸುವ ತಂದೆತಾಯಿ, ಇಲ್ಲವೇ ವಕೀಲರು ಮಾತ್ರ ಮಾತಾಡುವುದು. ಈ ಪ್ರಕರಣದಿಂದ ಒಂದೇ ಒಂದು ವಿಷಯ ತಗೊಂಡು ಹೋಗುತ್ತೀರಿ ಅಂದರೆ ನಾನು ಇದನ್ನೇ ಕೊಡುತ್ತೇನೆ.

ಇನ್ನೊಂದು ಅನಿರೀಕ್ಷಿತ ಘಟನೆಯೂ ಆಯಿತು. ಸಂಸ್ಕೃತಿ ಉಳಿಸುತ್ತೇವೆ ಅನ್ನುವ ಸಂಘಟನೆಯೊಂದು ಅದೇ ಸ್ಕಿಟ್ ಮೇಲೆ ದೂರು ಕೊಟ್ಟಿತು. ಅವರ ತಕರಾರು ತದ್ವಿರುದ್ಧ: ಹೆಣ್ಣು ನೋಡುವ ಶಾಸ್ತ್ರದಂಥ ಮಂಗಳ ಕಾರ್ಯದ ನಡುವೆ ಇಂಥವರನ್ನು ತೋರಿಸುವುದೇ ತಪ್ಪು! ವಾಹಿನಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕಾ? ‘ಎರಡೂ ಕಡೆಯವರಿಗೂ ಬೇಸರ ಆಗಿದೆ ಅಂದರೆ ನಾವು ಮಧ್ಯದಲ್ಲಿದ್ದೇವೆ ಅಂತ ಅರ್ಥ’ ಎಂದು ಒಬ್ಬರು ಪತ್ರಕರ್ತರ ಹತ್ತಿರ ಹೇಳಿದರಂತೆ.

ಅಮೆರಿಕದಲ್ಲಿ 1977ರಲ್ಲಿ ಎಬಿಸಿ ವಾಹಿನಿಯ ‘ಸೋಪ್’ ಅನ್ನುವ ಕಾಮಿಡಿ ಧಾರಾವಾಹಿಗೂ ಹೀಗೇ ಆಗಿತ್ತು. ಮೊದಲ ಕಂತು ಬರುವ ಮುಂಚೆಯೇ ಚರ್ಚುಗಳ ಕಡೆಯಿಂದ ರಾಶಿ ರಾಶಿ ಪತ್ರ ಬಂದವು. ಅದರಲ್ಲಿದ್ದ ಗೇ ಪಾತ್ರದ ಚಿತ್ರಣ ಸರಿಯಿಲ್ಲ ಅಂತ ಗೇ ಸಂಘಟನೆಗಳೂ ತಕರಾರು ಎತ್ತಿದವು. ಒಬ್ಬರಿಗೆ ಆ ಪಾತ್ರ ಇರುವುದೇ ಬೇಡ, ಇನ್ನೊಬ್ಬರಿಗೆ ಅದು ಮನುಷ್ಯನ ಹಾಗೆ ಇರಬೇಕು. ಮುಂದೆ ಆ ಪಾತ್ರ ಬರೀ ನಗೆಯ ಸರಕಾಗಿ ಉಳಿಯದೆ ಗಂಭೀರವಾಗಿಯೂ ಬೆಳೆಯಿತು.

ಇಲ್ಲಿ ಗುಂಪು ಒಂದು ಜಾಣ ತೀರ್ಮಾನ ಮಾಡಿತು. ಕಾರ್ಯಕ್ರಮ ಸಂಹಿತೆ ಅಂತ ಒಂದಿದೆ, 1994ರ ಕೇಬಲ್ ಟೀವಿ ನಿಯಮಗಳಲ್ಲಿ 6ನೇ ನಿಯಮ. ಸದಭಿರುಚಿ, ಸಭ್ಯತೆಗೆ ಧಕ್ಕೆ ತರುವಂಥದ್ದನ್ನು ತೋರಿಸಬಾರದು ಅಂತ ಅದರ ಮೊದಲ ಸಾಲೇ ಹೇಳುತ್ತದೆ. ವಕೀಲ ಸದಸ್ಯರು ಮೇಲ್ಮನವಿಯಲ್ಲಿ ಅದನ್ನೇ ಮುಂದಿಡೋಣ ಅಂದರು. ಗುಂಪಿನ ಹಿರಿಯರೊಬ್ಬರು, ಟ್ರಾನ್ಸ್ ಮಹಿಳೆ, ಎಲ್ಲರೂ ಅಕ್ಕ ಅಂತಲೇ ಕರೆಯುವುದು, ಬೇಡ ಅಂದರು. ‘ಸಂಸ್ಕೃತಿಯವರು ಹಿಡ್ಕೊಂಡಿರೋದೂ ಅದೇ ಕೋಲು. ಇವತ್ತು ನಾವು ಹಿಡ್ಕೊಂಡ್ರೆ ನಾಳೆ ಇಬ್ರು ಹುಡುಗರ ಪ್ರೀತಿ ಕತೆ ಬಂದಾಗ ಅದೇ ಕೋಲು ನಮ್ಮ ಬೆನ್ನಿಗೆ ಬೀಳುತ್ತೆ.’ ಹಾಗಾಗಿ ಆ ಅಂಶ ಬಿಟ್ಟರು. ಜನರ ಕೆಲವು ಗುಂಪುಗಳನ್ನು ತೇಜೋವಧೆ ಮಾಡಬಾರದು ಅನ್ನುವ ಇನ್ನೊಂದು ಅಂಶ ಅದೇ ನಿಯಮದಲ್ಲಿದೆ, ಅದನ್ನು ಹಿಡಿದರು. ಗುಂಪುಗಳ ಬಗ್ಗೆ ವ್ಯಂಗ್ಯ, ಹೀಯಾಳಿಕೆ ಕೂಡದು ಅಂತ ಬಿಡಿಸಿ ಹೇಳುವ ಮತ್ತೊಂದು ಅಂಶವೂ ಇದೆ. ಆದರೆ ಅದು ಹೆಸರಿಸುವುದು ಜನಾಂಗ, ಭಾಷೆ, ಪ್ರದೇಶದ ಗುಂಪುಗಳನ್ನು ಮಾತ್ರ. ಲೈಂಗಿಕ ಅಲ್ಪಸಂಖ್ಯಾತರು ಅದರಲ್ಲಿ ಇಲ್ಲ.

ಮೇಲ್ಮನವಿ ಹಾಕಿದರೆ ಗೆಲ್ಲುತ್ತೇವೆ ಅನ್ನುವ ಭರವಸೆ ಕೆಲವರಿಗೆ ಇತ್ತು. 2011ರಲ್ಲಿ ಹೈದರಾಬಾದಿನ ಗೇ ಯುವಕರ ಖಾಸಗಿತನ ಬಯಲು ಮಾಡಿದ ತೆಲುಗು ಸುದ್ದಿ ವಾಹಿನಿಯೊಂದಕ್ಕೆ ಸುದ್ದಿ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆ 1 ಲಕ್ಷ ರೂಪಾಯಿ ದಂಡ ಹಾಕಿ, ಕ್ಷಮೆ ಪ್ರಸಾರ ಮಾಡಿಸಿತ್ತು. ಅದೇ ವರ್ಷ ಶುರುವಾದ ಮನರಂಜನಾ ವಾಹಿನಿಗಳ ದೂರು ಮಂಡಳಿಗೆ ಮೊದಲ ಅಧ್ಯಕ್ಷರಾದವರು ನ್ಯಾಯಮೂರ್ತಿ ಎ.ಪಿ. ಷಾ. 2009ರಲ್ಲಿ 377ರ ಬಗ್ಗೆ ಸಲಿಂಗಿಗಳ ಪರವಾಗಿ ತೀರ್ಪು ಕೊಟ್ಟ ದೆಹಲಿ ಹೈಕೋರ್ಟಿನ ಪೀಠದಲ್ಲಿ ಇದ್ದವರೂ ಅವರೇ. ಆದರೆ ಅಧ್ಯಕ್ಷರು ಬದಲಾಗಿ ಎಷ್ಟೋ ಕಾಲ ಆಗಿತ್ತು. ಸುದ್ದಿಯಲ್ಲಿ ಯಾರದೋ ಗುಟ್ಟು ಬಯಲು ಮಾಡಿದ್ದಕ್ಕೂ ಸ್ಕಿಟ್‌ನಲ್ಲಿ ಪೊರಕೆ ತೋರಿಸಿದ್ದಕ್ಕೂ ಅಜಗಜಾಂತರ ವ್ಯತ್ಯಾಸ. ಮೇಲ್ಮನವಿಯ ಕರಡು ಸಿದ್ಧವಿಟ್ಟುಕೊಂಡು, ಕಳಿಸುವ ಮುಂಚೆ ಇನ್ನೊಮ್ಮೆ ಬೆಂಗಳೂರಿನವರ ಜೊತೆ ನೇರವಾಗಿ ಮಾತಾಡಿ ನೋಡೋಣ ಅಂತ ಆಯಿತು.

ಬೇಡಿಕೆ ಸಣ್ಣದಾದದ್ದು

ಆಗ ಒಳಗೇ ಜಗಳ ಶುರುವಾಯಿತು. ಮೊದಲ ಪತ್ರದ ‘ಹೆಣ್ಣುವೇಷ ನಿಲ್ಲಿಸಿ’ ಅನ್ನುವ ಸಾಲನ್ನು ಅಕ್ಕ ಓದಿದ್ದು ಆಗಲೇ. ‘ಇದನ್ನ ಯಾರು ಬರೆದಿದ್ದು? ನಾನು ಮೊದಲ ಸಲ ಸೀರೆ ಉಟ್ಟಿದ್ದು ಊರ ಜಾತ್ರೆ ನಾಟಕದಲ್ಲಿ ಕಣಪ್ಪ!’ ಯಕ್ಷಗಾನದ ಸ್ತ್ರೀವೇಷ, ಕಂಪನಿ ನಾಟಕದ ಹೆಣ್ಣುಪಾತ್ರ, ಇವೆಲ್ಲ ಎಷ್ಟೋ ಜನಕ್ಕೆ ಉಸಿರಾಡುವ ಜಾಗ. ಅದನ್ನೂ ಸೇರಿಸಿ ಬೇಡ ಅಂದರೆ ಕಲಾವಿದರೆಲ್ಲ ಎದುರು ನಿಲ್ಲುತ್ತಾರೆ, ನ್ಯಾಯವೂ ಅಲ್ಲ.

ಹಾಗಾದರೆ ನಮ್ಮ ತಕರಾರು ನಿಖರವಾಗಿ ಯಾವುದರ ಮೇಲೆ? ಲ್ಯಾಪ್‌ಟಾಪ್ ಮುಂದೆ ಕೂತು ಸ್ಕಿಟ್ ಅನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರು. ನನ್ನ ಪ್ರಕಾರ ಪ್ರಕರಣ ತಿರುಗಿದ್ದು ಅಲ್ಲಿ. ಗೆಳೆಯ ಸೊಂಟ ಬಳುಕಿಸಿ ಬಂದಾಗ ಗುಂಪಿನ ಅರ್ಧ ಜನ ನಕ್ಕರು. ನಟ ಒಳ್ಳೆಯವನು, ಟೈಮಿಂಗ್ ಚೆನ್ನಾಗಿತ್ತು. ಕೈ ಹಿಡಿದಾಗಲೂ ಒಂದು ನಗು. ತಟ್ಟೆ ಅಡ್ಡ ಬಂದ ಕೂಡಲೇ ನಗು ನಿಂತಿತು. ಪೊರಕೆಗೆ ಯಾರೂ ನಗಲಿಲ್ಲ. ಆದರೆ ಟೀವಿಯಲ್ಲಿ ಜಾಸ್ತಿ ನಗು ಕೇಳಿಸುವುದು ಅಲ್ಲೇ. ಮತ್ತೆ ಹಾಕಿ ನೋಡಿದರೆ ವಿಷಯ ಗೊತ್ತಾಯಿತು. ಪೊರಕೆಯ ಪ್ರತಿ ಏಟಿಗೂ ‘ಟಂಯ್’ ಅಂತ ಒಂದು ಎಫೆಕ್ಟ್, ಮೇಲೆ ರೆಕಾರ್ಡ್ ಮಾಡಿದ ನಗು, ನಡುವೆ ಜಡ್ಜ್ ಹೊಟ್ಟೆ ಹಿಡಿದು ನಗುವ ಶಾಟ್. ಆ ಶಾಟ್‌ನಲ್ಲಿ ಜಡ್ಜ್ ಮುಂದಿನ ನೀರಿನ ಬಾಟಲಿ ಅರ್ಧ ಖಾಲಿ. ಹಿಂದಿನ ಮತ್ತು ಮುಂದಿನ ಶಾಟ್‌ಗಳಲ್ಲಿ ಬಾಟಲಿ ತುಂಬಿದೆ. ಅಂದರೆ ಜಡ್ಜ್ ನಕ್ಕಿದ್ದು ಬೇರೆ ಯಾವುದೋ ಸ್ಕಿಟ್‌ಗೆ.

ಅಲ್ಲಿಗೆ ಬೇಡಿಕೆ ಕಿರಿದಾಯಿತು. ನಾಜೂಕಿನ ಗೆಳೆಯ ಇರಲಿ, ಹೆಣ್ಣುವೇಷ ಇರಲಿ, ಗೇ ಪಾತ್ರವನ್ನು ನೋಡಿ ನಗುವುದೂ ಇರಲಿ. ಮುಟ್ಟಿದರೆ ಏನೋ ಅಂಟಿಕೊಳ್ಳುತ್ತದೆ ಅನ್ನುವ ಹಾಗೆ ಹೆದರಿ ಓಡುವ ತಮಾಷೆ ಬೇಡ. ಹೊಡೆಯುವುದನ್ನು ನಗುವಿನ ಜಾಗಕ್ಕೆ ಇಡುವುದು ಬೇಡ. ಪ್ರೋಮೊ ನಿಲ್ಲಲಿ. ಇಷ್ಟನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿದೆವು. ಯಾವ ನಿಮಿಷ, ಯಾವ ಸೆಕೆಂಡಿನಲ್ಲಿ ಏನಿದೆ ಅಂತ ಬರೆದೆವು. ಮೇಷ್ಟ್ರು ಹೇಳಿದ ಊಟದ ಸಾಲಿನ ವಿಷಯವನ್ನು ಶಾಲೆಯ ಗುರುತು ತೆಗೆದು ಸೇರಿಸಿದೆವು. ತೀರ್ಪು, ಕಲಂ ಒಂದೂ ಹಾಕಲಿಲ್ಲ. ಪತ್ರವನ್ನು ಕಾರ್ಯಕ್ರಮದ ಬೆಂಗಳೂರಿನ ಮುಖ್ಯಸ್ಥರ ಕೈಗೇ ತಲುಪಿಸಿದೆವು.

ಎದುರುಬದುರು

ಕರೆ ಬಂತು. ಸಭೆಯಲ್ಲಿ ಆ ಕಡೆ ಮುಖ್ಯಸ್ಥರು, ಎಡಿಟರ್, ಸ್ಕಿಟ್ ಬರೆದ ಹುಡುಗ, ಗೆಳೆಯನ ಪಾತ್ರ ಮಾಡಿದ ನಟ, ಒಂದಿಬ್ಬರು ಸಹಾಯಕರು. ಮುಖ್ಯಸ್ಥರು ಮೊದಲೇ ರಕ್ಷಣೆಗೆ ನಿಂತರು. ‘ನಗಿಸೋದು ನಮ್ಮ ಕೆಲಸ ಮೇಡಂ. ದಪ್ಪ ಇರೋರಿಗೂ ಬೇಜಾರು, ಕುಡಿಯೋರಿಗೂ ಬೇಜಾರು, ಗಂಡಂದಿರಿಗೂ ಬೇಜಾರು ಅಂದ್ರೆ ನಾವು ಅಂಗಡಿ ಮುಚ್ಚಬೇಕಾಗುತ್ತೆ.’

ಅಕ್ಕ ವಾದ ಮಾಡಲಿಲ್ಲ. ‘ಒಂದ್ಸಲ ಸೌಂಡ್ ಇಲ್ದೆ ಹಾಕ್ತೀರಾ ಸಾರ್?’ ಅಂದರು.

ಹಾಕಿದರು. ಮೌನವಾಗಿ ನೋಡಿದರೆ ಆ ಸ್ಕಿಟ್ ವಿಚಿತ್ರವಾಗಿತ್ತು. ಒಬ್ಬ ಮನುಷ್ಯ ಮೂಲೆಯಲ್ಲಿ ಮುದುಡಿ ಕೂತಿದ್ದಾನೆ, ಇನ್ನೊಬ್ಬ ಪೊರಕೆಯಿಂದ ಹೊಡೆಯುತ್ತಿದ್ದಾನೆ. ಸಹಾಯಕರಲ್ಲಿ ಒಬ್ಬ ಆಗಲೂ ನಕ್ಕ, ಅದನ್ನೂ ಹೇಳಬೇಕು. ಉಳಿದವರು ನಗಲಿಲ್ಲ. ಎಡಿಟರ್ ಬಾಟಲಿಯ ವಿಷಯ ಒಪ್ಪಿಕೊಂಡರು. ರಿಯಾಕ್ಷನ್ ಶಾಟ್‌ಗಳನ್ನು ಒಂದು ಕಡೆ ಕೂಡಿಟ್ಟು ಬೇಕಾದಲ್ಲಿ ಹಾಕಿಕೊಳ್ಳುವುದು ಮಾಮೂಲಂತೆ. ಸ್ಕ್ರಿಪ್ಟ್‌ನಲ್ಲಿ ಪೊರಕೆ ಒಂದೇ ಏಟಂತೆ, ಉಳಿದದ್ದು ರಿಪೀಟ್ ಮಾಡಿ ಹಾಕಿದ್ದು. ಬರೆದ ಹುಡುಗ ಮೊದಲ ಸಲ ಬಾಯಿ ಬಿಟ್ಟ: ‘ಕೊನೆ ಸಿಕ್ಕಿರಲಿಲ್ಲ. ಕೊನೆ ಸಿಗದಿದ್ರೆ ಯಾರಾದ್ರೂ ಯಾರಿಗಾದ್ರೂ ಹೊಡೀತಾರೆ.’ ಕನ್ನಡ ಕಾಮಿಡಿ ಸ್ಕಿಟ್‌ಗಳ ಬಗ್ಗೆ ಇದಕ್ಕಿಂತ ಪ್ರಾಮಾಣಿಕ ವಿಮರ್ಶೆ ನಾನು ಕೇಳಿಲ್ಲ.

ನಟನಿಗೆ ಮಾತ್ರ ಸಿಟ್ಟಿತ್ತು. ಸೋಷಿಯಲ್ ಮೀಡಿಯಾದಲ್ಲಿ ಜನ ಬೈದಿದ್ದು ವಾಹಿನಿಯನ್ನಲ್ಲ, ಅವನನ್ನು. ಉತ್ತರ ಕರ್ನಾಟಕದ ನಾಟಕ ಕಂಪನಿಗಳಲ್ಲಿ ಹೆಣ್ಣುಪಾತ್ರ ಮಾಡಿ ಬೆಳೆದವನು. ‘ನಾಳೆ ಸೀರಿ ಉಡಬ್ಯಾಡ ಅಂದ್ರ ನನ್ನ ಹೊಟ್ಟಿ ಹ್ಯಾಂಗ ತುಂಬತದ ಅಕ್ಕಾರ?’ ಅಕ್ಕ ಹೇಳಿದ್ದು: ‘ಉಡು ತಮ್ಮಾ, ಚೆನ್ನಾಗೇ ಉಡು. ಏಟು ತಿನ್ನಬೇಡ, ಅಷ್ಟೇ.’

ನಟನನ್ನು ಗುರಿ ಮಾಡುವುದು ಹಳೆಯ ಚಾಳಿ. ಬಿಬಿಸಿಯ ‘ಆರ್ ಯೂ ಬೀಯಿಂಗ್ ಸರ್ವ್ಡ್?’ ಕಾಮಿಡಿ 1972ರಿಂದ 1985ರವರೆಗೆ ಬಂತು. ಅದರಲ್ಲಿ ನಾಜೂಕಿನ ಸೇಲ್ಸ್‌ಮನ್ ಪಾತ್ರ ಮಾಡುತ್ತಿದ್ದ ಜಾನ್ ಇನ್ಮನ್ ಅವರ ಶೋ ಎದುರು ಸಲಿಂಗಿಗಳ ಹಕ್ಕಿನ ಸಂಘಟನೆಯೊಂದರ ಸದಸ್ಯರು ಪ್ರತಿಭಟನೆ ಮಾಡಿದ್ದರು. ಅದೇ ಇನ್ಮನ್ 2005ರಲ್ಲಿ ತಮ್ಮ ಬಹುಕಾಲದ ಗಂಡು ಸಂಗಾತಿಯ ಜೊತೆ ಕಾನೂನಿನ ಪ್ರಕಾರ ಜೋಡಿಯಾದರು. ಎದುರಿಗೆ ನಿಂತವನು ಯಾರು ಅಂತ ಹೊರಗಿನಿಂದ ಹೇಗೆ ತಿಳಿಯುತ್ತದೆ?

ಏನಾಯಿತು

ಪ್ರೋಮೊ ನಿಂತಿತು. ಆದರೆ ಅಷ್ಟು ಹೊತ್ತಿಗೆ ಅದರ ಕೆಲಸ ಮುಗಿದಿತ್ತು. ವಾಹಿನಿಯ ಆ್ಯಪ್‌ನಿಂದ, ಯೂಟ್ಯೂಬ್‌ನಿಂದ ತಟ್ಟೆ ಮತ್ತು ಪೊರಕೆಯ ಭಾಗ ತೆಗೆದರು. ಮೀಮ್ ಪುಟಗಳಲ್ಲಿ ಇದ್ದದ್ದು ಹಾಗೇ ಉಳಿಯಿತು, ಇವತ್ತಿಗೂ ಸಿಗುತ್ತದೆ. ಮುಂದಿನ ಎಪಿಸೋಡಿನಲ್ಲಿ ‘ಯಾರ ಮನಸ್ಸಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇವೆ’ ಅಂತ ಕೆಳಗೆ ಒಂದು ಸಾಲು ಓಡಿತು. ಕಿರಿಯರಿಗೆ ಇದು ಸಾಲಲಿಲ್ಲ. ‘ಆಗಿದ್ದರೆ’ ಅಂದರೇನು ಅಂತ ಕೇಳಿದರು, ನ್ಯಾಯವಾದ ಪ್ರಶ್ನೆ. ಹಿರಿಯರು ಅದನ್ನು ಎಳೆಯುವುದು ಬೇಡ ಅಂದರು. ಕ್ಷಮೆಯ ಒಕ್ಕಣೆಗಿಂತ ಮುಂದಿನ ಸ್ಕಿಟ್ ಮುಖ್ಯ ಅನ್ನುವುದು ಅವರ ಲೆಕ್ಕ. ನನ್ನ ಮತವೂ ಅದೇ ಕಡೆಗಿತ್ತು. ಮೇಲ್ಮನವಿ ಹಾಕಲಿಲ್ಲ. ಇದರ ಮೇಲೆ ಇಬ್ಬರು ಗುಂಪು ಬಿಟ್ಟು ಹೋದರು.

ಬರಹಗಾರರ ಜೊತೆ ಅರ್ಧ ದಿನದ ಒಂದು ಮಾತುಕತೆಯೂ ಆಯಿತು. ಪಾಠ ಮಾಡಲಿಲ್ಲ. ಅಕ್ಕ ತಮ್ಮ ಜೀವನದ ತಮಾಷೆಗಳನ್ನು ಹೇಳಿದರು. ರೇಷನ್ ಕಾರ್ಡಿಗೆ ಹೋದಾಗ ಗುಮಾಸ್ತ ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಫೋಟೊ ನೋಡಿದ್ದು. ಬಾಡಿಗೆ ಮನೆ ಕೊಡಲ್ಲ ಅಂದ ಓನರ್, ಮಗಳ ಮದುವೆಗೆ ಆಶೀರ್ವಾದ ಮಾಡೋಕೆ ಬನ್ನಿ ಅಂತ ಹುಡುಕಿಕೊಂಡು ಬಂದದ್ದು. ಹುಡುಗರು ಬಿದ್ದು ಬಿದ್ದು ನಕ್ಕರು, ಪೆನ್ನು ತೆಗೆದು ಬರೆದುಕೊಂಡರು.

ಆ ಸೀಸನ್ ಮುಗಿಯುವ ತನಕ ಅಂಥ ಸ್ಕಿಟ್ ಬರಲಿಲ್ಲ. ಮುಂದಿನ ಸೀಸನ್‌ಗೆ ನಿರ್ಮಾಣ ಸಂಸ್ಥೆ ಬದಲಾಯಿತು. ಮುಖ್ಯಸ್ಥರೂ ಬೇರೆ ವಾಹಿನಿಗೆ ಹೋದರು. ಒಪ್ಪಂದ ಇದ್ದದ್ದು ಬಾಯಿಮಾತಿನಲ್ಲಿ, ಆ ಜನರ ನಡುವೆ. ಹೊಸಬರಿಗೆ ಅದು ಗೊತ್ತೇ ಇರಲಿಲ್ಲ. ಕೆಲವೇ ತಿಂಗಳಲ್ಲಿ ಕೈ ಹಿಡಿದರೆ ಬೆಚ್ಚಿ ಓಡುವ ತಮಾಷೆ ಮತ್ತೆ ಬಂತು, ಪೊರಕೆ ಇರಲಿಲ್ಲ. ಸಭೆಯ ಮಾರನೇ ದಿನವೇ ಒಪ್ಪಿದ್ದನ್ನು ನಾಲ್ಕು ಸಾಲು ಬರೆದು ಇಮೇಲ್ ಮಾಡಿ, ಸರಿ ಅಂತ ಒಂದು ಉತ್ತರ ತರಿಸಿಕೊಂಡಿದ್ದರೆ ಹೊಸಬರ ಮುಂದೆ ಇಡಲು ಕಾಗದವಾದರೂ ಇರುತ್ತಿತ್ತು. ಈಗ ಗುಂಪು ಪ್ರತಿ ಸೀಸನ್ ಶುರುವಾಗುವಾಗ ಆ ಒಂದು ಪುಟದ ಪತ್ರವನ್ನು ಹೊಸ ತಂಡಕ್ಕೆ ಕಳಿಸುತ್ತದೆ. ಮುಂಬೈಗೂ ಒಂದು ಪ್ರತಿ ಹೋಗುತ್ತದೆ.

ಶಾಲೆಯ ಆ ಹುಡುಗನ ವಿಷಯ ಕೇಳುವವರಿದ್ದಾರೆ. ವಾಹಿನಿಯ ತೀರ್ಮಾನದಿಂದ ಅವನಿಗೆ ಏನೂ ಆಗಲಿಲ್ಲ. ಮೇಷ್ಟ್ರೇ ಕೆಲವು ವಾರ ಅವನ ಜೊತೆ ಸಾಲಿನಲ್ಲಿ ನಿಂತು ಊಟ ಮಾಡಿದರು. ಕಾಲೇಜು ಹುಡುಗ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿದ್ದಾನೆ, ಊರಿಗೆ ಇನ್ನೂ ಹೋಗಿಲ್ಲ. ಸ್ಕಿಟ್ ಬರೆದವನು ಈಗ ಬೇರೆ ಶೋಗೆ ಬರೆಯುತ್ತಾನೆ, ಆಗಾಗ ಅಕ್ಕನಿಗೆ ಫೋನ್ ಮಾಡಿ ಕತೆ ಹೇಳುತ್ತಾನೆ. ಈಚೆಗೆ ಹೇಳಿದ್ದೊಂದಕ್ಕೆ ಅಕ್ಕ, ‘ತಪ್ಪೇನಿಲ್ಲ ಕಣೋ, ಆದ್ರೆ ನಗುನೂ ಬರಲ್ಲ, ಇನ್ನೊಂದ್ಸಲ ಬರಿ’ ಅಂದರಂತೆ.